ಡಬ್ಬಿಗೆ ಬಿದ್ದ ನಟ್ಟು

ಭಾನುವಾರ ಬಂತೆಂದರೆ ಬಿದ್ದಪ್ಪನವರಿಗೆ ತಮ್ಮ ಹಳೆಯ ಫೋರ್‌ವೀಲ್ ಜೀಪನ್ನು ಬಿಚ್ಚಿ ಜೋಡಿಸದಿದ್ದರೆ ಉಂಡ ಅನ್ನ ಅರಗದು. ಈ ಸಲ ಸ್ಟೇರಿಂಗಿನ ಕೆಲಸವೆಲ್ಲ ಮುಗಿದ ಮೇಲೂ ಗೋಣಿತಾಟಿನ ಮೇಲೆ ಒಂದು ನಟ್ಟು ಉಳಿದುಬಿಟ್ಟಿತು.

“ಕಂಪನಿಯವರು ಒಂದು ಹೆಚ್ಚಿಗೆ ಹಾಕಿದ್ದಾರೆ,” ಎಂದು ಅದನ್ನು ಜೀಪಿನೊಳಗಿದ್ದ ಸಾಮಾನಿನ ಡಬ್ಬಿಗೆ ಎಸೆದು, ಹತ್ತಿ ಹೊರಟರು.

ನಟ್ಟು ಡಬ್ಬಿಯೊಳಗೆ ಲೊಟಲೊಟ ಬಡಿದುಕೊಳ್ಳತೊಡಗಿತು.

“ಸುಮ್ಮನಿರಯ್ಯ,” ಎಂದು ಸ್ಪ್ಯಾನರು ಗದರಿತು. “ನೀನಿಲ್ಲದೆಯೂ ಗಾಡಿ ಓಡುತ್ತಿಲ್ಲವೇ? ಹೆಚ್ಚಾದವನಿಗೇಕೆ ಇಷ್ಟು ಗಲಾಟೆ?”

“ನಾನು ಹೆಚ್ಚಾದವನಲ್ಲ, ಅಣ್ಣ. ಎಲ್ಲಿಯೋ ಕಡಿಮೆಯಾದವನು,” ಎಂದು ನಟ್ಟು ಇನ್ನೂ ಜೋರಾಗಿ ಬಡಿದುಕೊಂಡಿತು.

ಸದ್ದು ಕೇಳಿ ಬಿದ್ದಪ್ಪನವರು ಗಾಡಿ ನಿಲ್ಲಿಸಿದರು. ಡಬ್ಬಿ ತೆರೆದು ನಟ್ಟನ್ನು ಕಂಡರು. ಅದರ ಮೇಲೆ ಹಳೆಯ ಬಟ್ಟೆ ತುರುಕಿ ಮುಚ್ಚಳ ಹಾಕಿದರು. ಸದ್ದು ಅಡಗಿತು. “ರಿಪೇರಿ ಅಂದರೆ ಇದು!” ಎಂದು ಮೀಸೆ ತಿರುವಿದರು.

ಮುಂದಿನ ತಿರುವಿನಲ್ಲಿ ಸ್ಟೇರಿಂಗ್ ತಿರುಗಿತು, ಚಕ್ರ ತಿರುಗಲಿಲ್ಲ. ಜೀಪು ನೆಟ್ಟಗೆ ಕೆಸರುಗದ್ದೆಗೆ ಇಳಿದು ಕೂತಿತು. ಡಬ್ಬಿ ಬಾಯಿ ತೆರೆದುಕೊಂಡು ಬಿತ್ತು.

ಮೀಸೆಗೆಲ್ಲ ಕೆಸರು ಮೆತ್ತಿಕೊಂಡ ಬಿದ್ದಪ್ಪನವರು ನಟ್ಟನ್ನು ಹೆಕ್ಕಿ, “ಮೊದಲೇ ಒಂದು ಮಾತು ಹೇಳಬಾರದಿತ್ತೇ?” ಎಂದು ರೇಗಿದರು.

“ಹೇಳುತ್ತಲೇ ಇದ್ದೆ, ಸ್ವಾಮಿ,” ಎಂದಿತು ನಟ್ಟು. “ನೀವೇ ಬಾಯಿಗೆ ಬಟ್ಟೆ ತುರುಕಿದಿರಿ.”