ಪಂಕ್ತಿಯ ಸೂರಪ್ಪ ರಾಯಭಾರಕ್ಕೆ ಹೋದದ್ದು

"ರಾಯಭಾರಿ ಕೆಲಸ ನನಗೆ ಕೊಡಿ, ಒಡೆಯಾ" ಎಂದು ಸೂರಪ್ಪ ತುಂಬಿದ ಸಭೆಯಲ್ಲಿ ಕೇಳಿಯೇಬಿಟ್ಟ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೆ ಇನ್ನೇನು? ಸೂರಪ್ಪ ಹಾಲಗುಡ್ಡದ ಅರಮನೆಯಲ್ಲಿ ಊಟದ ಪಂಕ್ತಿ ನೋಡಿಕೊಳ್ಳುವವನು. ಯಾರನ್ನು ಎಲ್ಲಿ ಕೂರಿಸಬೇಕು, ಯಾರ ಎಲೆಗೆ ತುಪ್ಪ ಬಿದ್ದಿಲ್ಲ, ಇಷ್ಟೇ ಅವನ ವಿದ್ಯೆ.

ಮಂತ್ರಿ ಲಕ್ಕರಸ ಮೀಸೆಯಡಿ ನಗುತ್ತ, "ನಿನಗೆ ಎಷ್ಟು ಭಾಷೆ ಬರುತ್ತದಯ್ಯಾ?" ಎಂದ.

"ಒಂದೇ, ಸ್ವಾಮಿ. ಆದರೆ ಹತ್ತೊಂಬತ್ತು ವರ್ಷ ಮದುವೆಮನೆಗಳಲ್ಲಿ ಗಂಡಿನ ಕಡೆಯ ಬೀಗರನ್ನು ಊಟಕ್ಕೆ ಕೂರಿಸಿದ್ದೇನೆ. ಒಬ್ಬರೂ ಸಿಟ್ಟು ಮಾಡಿಕೊಂಡು ಎಲೆ ಬಿಟ್ಟು ಎದ್ದಿಲ್ಲ."

ದೊರೆ ಗುಜ್ಜಲ ನಾಯಕ ಮಾತ್ರ ನಗಲಿಲ್ಲ. ಪಕ್ಕದ ಪಡುಘಟ್ಟದ ಪಾಳೆಯಗಾರ ಮುದ್ದ ನಾಯಕ ನಾಲ್ಕು ತಿಂಗಳಿಂದ ಘಟ್ಟದ ದಾರಿ ಮುಚ್ಚಿಸಿ, ಕರಾವಳಿಯಿಂದ ಬರುವ ಉಪ್ಪಿನ ಗಾಡಿಗಳನ್ನು ತಡೆದಿದ್ದ. ಊರಿಗೆ ಊರೇ ಸಪ್ಪೆ ಸಾರು ಉಣ್ಣುತ್ತಿತ್ತು. ಕಾರಣವನ್ನಾದರೂ ಹೇಳಬಾರದೆ ಆ ಮಹಾರಾಯ? ಅದೂ ಇಲ್ಲ. ಏಳು ಭಾಷೆ ಬಲ್ಲ ರಾಯಭಾರಿಗಳು ಮೂವರು ಹೋದರು. ಅವರು ನಮಸ್ಕಾರ ಮಾಡಿ ತಲೆ ಎತ್ತುವಷ್ಟರಲ್ಲಿ ಮುದ್ದ ನಾಯಕ ನಗುನಗುತ್ತ ಕೈಗೆ ತಾಂಬೂಲ ಕೊಡುತ್ತಿದ್ದ. ತಾಂಬೂಲ ಕೈಗೆ ಬಂತೆಂದರೆ ಭೇಟಿ ಮುಗಿಯಿತು, ಹೊರಡಿ ಎಂದರ್ಥ. ಅವಮಾನ ಮಾಡಿದ ಎನ್ನುವಂತಿಲ್ಲ, ಮಾತಾಡಿದ ಎನ್ನುವಂತೆಯೂ ಇಲ್ಲ. ಮೂವರೂ ವೀಳ್ಯದೆಲೆ ಜಗಿಯುತ್ತ ವಾಪಸು ಬಂದಿದ್ದರು.

"ಹೋಗಿ ಬಾ ಸೂರಪ್ಪ" ಎಂದ ದೊರೆ. "ಗೆದ್ದರೆ ರಾಯಭಾರಿಯ ಪಟ್ಟ ನಿನ್ನದು. ನೀನೂ ಎಲೆ ಜಗಿಯುತ್ತ ಬಂದೆಯೋ, ಪಂಕ್ತಿಯ ಕೆಲಸವೂ ಇಲ್ಲ. ಜೀವನವಿಡೀ ಕೊಪ್ಪರಿಗೆ ತಿಕ್ಕುತ್ತಿರು."

ಸೂರಪ್ಪ ಹೊರಟ.

ಪಡುಘಟ್ಟದ ಸಭೆಯಲ್ಲಿ ಅವನು ಬಗ್ಗಿ ನಮಸ್ಕರಿಸಿದ್ದೇ ತಡ, ತಾಂಬೂಲದ ತಟ್ಟೆ ಬಂತು. ಸೂರಪ್ಪ ತಾಂಬೂಲವನ್ನು ಕಣ್ಣಿಗೊತ್ತಿಕೊಂಡು ಮಡಿಲಲ್ಲಿಟ್ಟುಕೊಂಡ. ಆಮೇಲೆ ಅಲ್ಲೇ ಕಂಬಕ್ಕೊರಗಿ ಚಕ್ಕಳಮಕ್ಕಳ ಹಾಕಿ ಕೂತ.

ಮುದ್ದ ನಾಯಕ ಹುಬ್ಬೇರಿಸಿದ. "ರಾಯಭಾರಿಗಳು ಇನ್ನೂ ಹೊರಡಲಿಲ್ಲವೇ?"

"ಅವಸರವೇನಿಲ್ಲ ಬುದ್ಧೀ, ಕಾಯುತ್ತೇನೆ."

"ಯಾತಕ್ಕೆ?"

"ಊಟಕ್ಕೆ. ನಮ್ಮಲ್ಲಿ ಉಂಡ ಮೇಲೆ ತಾಂಬೂಲ ಕೊಡುತ್ತಾರೆ. ಇಲ್ಲಿ ಮೊದಲೇ ಕೊಟ್ಟುಬಿಡುತ್ತೀರಿ. ಒಂದೊಂದು ಊರಿನದು ಒಂದೊಂದು ಪದ್ಧತಿ. ನಮ್ಮ ಮೂವರು ದಡ್ಡರಿಗೆ ಇದು ಗೊತ್ತಾಗದೆ, ಹಸಿದ ಹೊಟ್ಟೆಯಲ್ಲೇ ಎದ್ದು ಬಂದರು!"

ಪರದೆಯ ಹಿಂದಿನಿಂದ ಒಂದು ಮುದಿ ದನಿ ಗುಡುಗಿತು. ಅದು ನಾಯಕನ ತಾಯಿ ದೊಡ್ಡವ್ವನದು. "ಲೋ ಮುದ್ದಾ! ಮನೆಗೆ ಬಂದೋರ್ನ ಉಣ್ಣಕ್ಕಿಕ್ಕದೆ ಎಲೆ ಅಡಿಕೆ ಕೊಟ್ಟು ಕಳಿಸ್ತಾ ಇದ್ದೀಯೇನೋ? ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಕಿತ್ತಾಕೋರು. ಹಾಕ್ಸು ಎಲೇನ!"

ಅಲ್ಲೇ ಸಭೆಯಲ್ಲಿ ಎಲ್ಲರಿಗೂ ಎಲೆ ಹಾಕಿಸಿದ್ದಾಯಿತು. ಅತಿಥಿಗೆ ಮೊದಲ ಎಲೆ, ಪಕ್ಕದಲ್ಲೇ ಮುದ್ದ ನಾಯಕ. ಎಲೆಯ ತುದಿಗೆ ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು, ಅನ್ನ ಬಂತು, ಬಿಸಿ ಹೋಳಿಗೆಯ ಮೇಲೆ ತುಪ್ಪ ಬಂತು. ಇನ್ನು ಅತಿಥಿ ಕೈಯಿಟ್ಟರೆ ಎಲ್ಲರೂ ಕೈಯಿಡಬಹುದು. ಸೂರಪ್ಪ ಕೈ ಕಟ್ಟಿಕೊಂಡು ಎಲೆಯ ತುದಿಯನ್ನೇ ನೋಡುತ್ತ ಕೂತ.

ಮುದ್ದ ನಾಯಕ ಒಳ್ಳೆಯ ಊಟಗಾರ. ಹೋಳಿಗೆಯ ವಾಸನೆಗೆ ಅವನ ಬಾಯಲ್ಲಿ ನೀರೂರಿತು. "ಶುರು ಮಾಡಿ" ಎಂದ.

"ಮಾಡುತ್ತೇನೆ ಬುದ್ಧೀ. ಈ ಉಪ್ಪನ್ನು ಒಂದು ಗಳಿಗೆ ಕಣ್ತುಂಬ ನೋಡಿಕೊಳ್ಳುತ್ತೇನೆ. ನಾಲ್ಕು ತಿಂಗಳಾಯಿತು ನೋಡಿ." ಸೂರಪ್ಪ ನಿಧಾನವಾಗಿ ಶುರುಮಾಡಿದ. "ನಮ್ಮ ಊರಲ್ಲಿ ಈ ಸಲ ಉಪ್ಪಿನಕಾಯಿ ಹಾಕಿದವರೇ ಇಲ್ಲ. ಮಾವಿನ ಮಿಡಿ ಹಾಗೇ ಕೊಳೆಯಿತು. ದನಗಳು ಗೋಡೆ ನೆಕ್ಕುತ್ತಿವೆ. ಬಾಣಂತಿಯರು ಸಪ್ಪೆ ಅನ್ನ ನುಂಗಲಾರದೆ ಅಳುತ್ತಾರೆ. ನೋಡಿದರೆ ಕರುಳು ಕಿತ್ತು ಬರುತ್ತದೆ."

ತುಪ್ಪ ಹೆಪ್ಪುಗಟ್ಟತೊಡಗಿತು. ಮುದ್ದ ನಾಯಕ ತಡೆಯಲಾರದೆ ಕೂಗಿಬಿಟ್ಟ: "ಮತ್ತೆ ನನಗೆ ನೀವು ಮಾಡಿದ್ದೇನು? ನಿಮ್ಮ ದೊರೆಯ ಮಗಳ ಮದುವೆಯಲ್ಲಿ ನನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದರು!"

ಸಭಿಕರು ಬೆಚ್ಚಿಬಿದ್ದರು. ಇದೋ ಕಾರಣ! ಸೂರಪ್ಪನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಇಂಥ ಮುನಿಸು ಅವನಿಗೆ ಅಂಗೈ ಗೆರೆಯಷ್ಟು ಪರಿಚಯ.

"ಅಯ್ಯಯ್ಯೋ! ಅವತ್ತು ಜ್ವರ ಬಂದು ನಾನು ಹಾಸಿಗೆ ಹಿಡಿದಿದ್ದೆ ಬುದ್ಧೀ. ಎರಡನೇ ಪಂಕ್ತಿಗೆ ಹೋಳಿಗೆಯಾದರೂ ಉಳಿದಿತ್ತೇ?"

"ಅರ್ಧ ಹೋಳಿಗೆ" ಎಂದ ನಾಯಕ. "ಪಾಯಸಕ್ಕೆ ನೀರು ಬೆರೆಸಿದ್ದರು."

"ಮಹಾಪರಾಧ! ನಮ್ಮ ದೊರೆಯೇ ನಿಮ್ಮ ಕಾಲಿಗೆ ನೀರು ಕೊಟ್ಟು, ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸುತ್ತಾರೆ. ಇದು ನನ್ನ ಮಾತು. ಹದಿನಾರು ಬಗೆಯ ಅಡುಗೆ. ಆದರೆ..."

"ಆದರೆ?"

"ಹದಿನಾರೂ ಸಪ್ಪೆ. ನಿಮಗೆ ಎರಡನೇ ಸಲವೂ ಅವಮಾನ ಮಾಡಲು ನಮಗೆ ಮನಸ್ಸಿಲ್ಲ. ಏನು ಮಾಡೋಣ, ನೀವೇ ಹೇಳಿ."

ಪರದೆಯ ಹಿಂದಿನಿಂದ ದೊಡ್ಡವ್ವ ಕೂಗಿದಳು: "ಮುದ್ದಾ, ಅನ್ನ ಆರೋಗ್ತಾ ಐತೆ!"

"ಯಾರಲ್ಲಿ! ಘಟ್ಟದ ದಾರಿ ಬಿಡಿ!" ಎಂದು ನಾಯಕ ಅರಚಿದ. ಸೂರಪ್ಪ ಕೂಡಲೇ ಅನ್ನಕ್ಕೆ ಕೈಯಿಟ್ಟ.

ವಾರದೊಳಗೆ ನಲವತ್ತು ಉಪ್ಪಿನ ಗಾಡಿ ಹಾಲಗುಡ್ಡಕ್ಕೆ ಬಂದವು. ದೊರೆ ಸೂರಪ್ಪನಿಗೆ ರಾಯಭಾರಿಯ ಮುದ್ರೆಯುಂಗುರ ತೊಡಿಸಿದ. ಲಕ್ಕರಸನಿಗೆ ಇನ್ನೂ ಸಮಾಧಾನವಿಲ್ಲ.

"ಏಳು ಭಾಷೆ ಬಲ್ಲವರಿಂದ ಆಗದ್ದು ನಿನ್ನಿಂದ ಹೇಗಾಯಿತಯ್ಯಾ?"

"ಅವರು ಮಾತಾಡಲು ಹೋಗಿದ್ದರು, ಸ್ವಾಮಿ. ನಾನು ಉಣ್ಣಲು ಹೋಗಿದ್ದೆ. ಮಾತಾಡುವವನನ್ನು ಯಾರು ಬೇಕಾದರೂ ಎಬ್ಬಿಸಿ ಕಳಿಸಬಹುದು. ಎಲೆ ಮುಂದೆ ಕೂತವನಿಗೆ ಎದ್ದು ಹೋಗು ಅನ್ನುವ ದೊರೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ!"