ಕೈಗಾಡಿಯ ಬ್ರೇಕು

ಒಂದು ಭಾನುವಾರ ಬೆಳಿಗ್ಗೆ ನೂರು ಸೈಕಲ್ಲುಗಳು ಸಾಲಾಗಿ ಊರು ಸುತ್ತಲು ಹೊರಟವು. ಮೊದಲ ನಲವತ್ತು ಸೈಕಲ್ಲುಗಳು ವೃತ್ತ ದಾಟುವಷ್ಟರಲ್ಲಿ ಸಿಗ್ನಲ್ ಕೆಂಪಾಯಿತು. ನಲವತ್ತೊಂದನೆಯದು ಕ್ಯಾರಿಯರ್ ಹೊತ್ತ ಹಳೇ ಸೈಕಲ್ಲು. ಅದು ಬಿಳಿ ಗೆರೆಯ ಹಿಂದೆ ನಿಂತುಬಿಟ್ಟಿತು.

ಅದರ ಬೆನ್ನಿಗಿದ್ದ ಗೇರ್ ಸೈಕಲ್ಲು ಸಿಡುಕಿತು: “ನೂರೂ ಸೇರಿ ನಮ್ಮದು ಒಂದೇ ಮೆರವಣಿಗೆ. ತಲೆ ದಾಟಿದ ಮೇಲೆ ಬಾಲಕ್ಕೆಂಥ ಸಿಗ್ನಲ್ಲು? ನಡಿ, ನಡಿ!”

“ಹಸಿರು ಬಿದ್ದದ್ದು ತಲೆಗೆ. ನಮಗೆ ಬಿದ್ದಿರುವುದು ಕೆಂಪು,” ಎಂದಿತು ಹಳೇ ಸೈಕಲ್ಲು. “ಮುಂದೆ ಹೋದವರು ಕಾಯುತ್ತಾರೆ, ಬಿಡು.”

ಗೇರ್ ಸೈಕಲ್ಲು ಪಕ್ಕದಿಂದ ನುಗ್ಗಲು ನೋಡಿತು. ಹಳೇ ಸೈಕಲ್ಲು ಹ್ಯಾಂಡಲ್ ಅಡ್ಡ ತಿರುಗಿಸಿ ಅದನ್ನು ತಡೆಯಿತು. ಅದೇ ಕ್ಷಣ ಎಡಗಡೆಯ ಇಳಿಜಾರಿನಿಂದ ಮಡಕೆ ತುಂಬಿದ ಕೈಗಾಡಿಯೊಂದು ಗಡಗಡನೆ ಇಳಿದು, ಅವುಗಳ ಮುಂದೆ ಗೇಣು ದೂರದಲ್ಲಿ ಹಾದುಹೋಯಿತು. ಒಂದು ಮಡಕೆಯೂ ಒಡೆಯಲಿಲ್ಲ.

ಆಚೆ ಸಮತಟ್ಟಿನಲ್ಲಿ ನಿಂತು ಕೈಗಾಡಿ ಕೂಗಿ ಹೇಳಿತು: “ನಿಮ್ಮಿಂದ ದೊಡ್ಡ ಉಪಕಾರ ಆಯಿತು!”

“ಇದರಲ್ಲೇನು ಉಪಕಾರ?” ಎಂದಿತು ಗೇರ್ ಸೈಕಲ್ಲು, ತಾನಾಗಿಯೇ ನಿಂತ ಹಾಗೆ. “ಕೆಂಪು ಬಿತ್ತು, ನಿಂತೆವು.”

“ನನಗೆ ಬ್ರೇಕೇ ಇಲ್ಲ, ಸ್ವಾಮಿ. ಇಪ್ಪತ್ತು ವರ್ಷದಿಂದ ಈ ಇಳಿಜಾರು ಇಳಿಯುತ್ತಿರುವುದು ನಿಮ್ಮಂಥವರ ಬ್ರೇಕು ನಂಬಿಕೊಂಡೇ.”

ಹಸಿರು ಬಿತ್ತು. ಗೇರ್ ಸೈಕಲ್ಲು ಹಳೇ ಸೈಕಲ್ಲು ಹೊರಡುವವರೆಗೆ ಕಾದು, ಅದರ ಹಿಂದೆಯೇ ಹೊರಟಿತು.