ಕದವಿಲ್ಲದ ಮನೆ

“ಉಪಕಾರ ಮಾಡಿಸಿಕೊಂಡವನಿಗೆ ಕೃತಜ್ಞತೆಯೇ ಇಲ್ಲದಿದ್ದರೆ, ಗುರುಗಳೇ, ಅಂಥವನಿಗೆ ಇನ್ನೂ ಉಪಕಾರ ಮಾಡುತ್ತಲೇ ಇರಬೇಕೆ?” ಎಂದು ಶಿಷ್ಯ ಮರುಳಪ್ಪ ಕೇಳಿದ.

ಅವನು ಹೀಗೆ ಕೇಳಲು ಕಾರಣವಿತ್ತು. ಆಶ್ರಮಕ್ಕೆ ಹೊಸದಾಗಿ ಬಂದಿದ್ದ ಒಬ್ಬನನ್ನು ನೋಡಿಕೊಳ್ಳುವ ಕೆಲಸ ಅವನ ಪಾಲಿಗೆ ಬಂದಿತ್ತು. ಹಾಸಿಗೆ ಹಾಸಿಕೊಟ್ಟರೆ ಆ ಹೊಸಬ ನೆಲ ತಗ್ಗುದಿಣ್ಣೆ ಎನ್ನುತ್ತಿದ್ದ. ನೀರು ಕಾಯಿಸಿಕೊಟ್ಟರೆ ಹೊಗೆಯ ವಾಸನೆ ಎನ್ನುತ್ತಿದ್ದ. ಅವನನ್ನು ಬೇರೆ ಯಾರಿಗಾದರೂ ಒಪ್ಪಿಸಿಬಿಡಿ ಎಂದು ಕೇಳಿಕೊಳ್ಳಲೆಂದೇ ಮರುಳಪ್ಪ ಬಂದಿದ್ದ.

ಗುರುಗಳು ಅವನನ್ನು ಕುಳ್ಳಿರಿಸಿಕೊಂಡು ಕತೆ ಆರಂಭಿಸಿದರು.

ಆಮೆಪಟ್ಟಣವೆಂಬ ಒಂದು ರೇವುಪಟ್ಟಣವಿತ್ತು. ಅದರ ಸುತ್ತ ಕಡಲಿನ ಮೇಲೆ ಮಂಜು ಸದಾ ಗೋಡೆಯಂತೆ ನಿಂತಿರುತ್ತಿತ್ತು. ಊರು ಕಳೆದುಕೊಂಡವರ ಹಡಗು ಬಂದಾಗ ಮಾತ್ರ ಆ ಮಂಜು ಬಿರಿದು ದಾರಿ ಕೊಡುತ್ತಿತ್ತು. ಹಾಗಾಗಿ ಪಟ್ಟಣದಲ್ಲಿ ಇದ್ದವರೆಲ್ಲ ಎಲ್ಲಿಂದಲೋ ಬಂದವರು, ಇಲ್ಲವೇ ಬಂದವರ ಮಕ್ಕಳು ಮೊಮ್ಮಕ್ಕಳು. ಮೊಟ್ಟಮೊದಲು ಬಂದವರದು ಒಂದೇ ದೋಣಿ. ಅವರ ಊರನ್ನು ಕಡಲು ನುಂಗಿತ್ತು. ಅವರು ಬಂದಿಳಿದಾಗ ದಡದಲ್ಲಿ ಒಂದು ಮುದಿ ಆಮೆಯ ಹೊರತು ಯಾರೂ ಇರಲಿಲ್ಲ. ದಡವೋ ಬಹಳ ಇಕ್ಕಟ್ಟು. ಆಮೆ ಅವರನ್ನು ನೋಡಿ, “ಈಗ ನಾನು ಸ್ವಲ್ಪ ಸರಿಯುತ್ತೇನೆ, ಇನ್ನೊಬ್ಬರು ಬಂದಾಗ ನೀವು ಸ್ವಲ್ಪ ಸರಿಯಿರಿ” ಎಂದಿತಂತೆ. ಆ ಮಾತನ್ನು ನಂಬಿಯೇ ಅವರು ಪಟ್ಟಣ ಕಟ್ಟಿದರು.

ಅದರಿಂದ ಒಂದು ಕಟ್ಟಳೆ ಬೆಳೆಯಿತು. ಪಟ್ಟಣಕ್ಕೆ ಎಲ್ಲರಿಗಿಂತ ಕೊನೆಗೆ ಬಂದವರು ಯಾರೋ, ಮುಂದೆ ಬರುವವರನ್ನು ಅವರೇ ಮನೆಯಲ್ಲಿ ಇಟ್ಟುಕೊಳ್ಳಬೇಕು. ಹೊಸಬರಿಗೆ ಊರವರೇ ಸೇರಿ ಮನೆ ಕಟ್ಟಿಕೊಡುತ್ತಿದ್ದರು. ಗೋಡೆ, ಮಾಡು, ಬಾಗಿಲಿನ ಚೌಕಟ್ಟು ಎಲ್ಲವೂ ಇರುತ್ತಿದ್ದವು. ಕದ ಮಾತ್ರ ಇರುತ್ತಿರಲಿಲ್ಲ. ಆ ಮನೆಯಲ್ಲಿ ತಂಗಿದ ಮೊದಲ ಅತಿಥಿ, ತನ್ನ ಸ್ವಂತ ಮನೆಗೆ ಹೊರಡುವ ದಿನ, ತಾನಾಗಿ ಕದ ತಂದು ನಿಲ್ಲಿಸಬೇಕು. ಕದ ನಿಂತ ಮೇಲೆಯೇ ಆ ಮನೆಯವರು ಪಟ್ಟಣದವರು. ಅಲ್ಲಿಯವರೆಗೆ ಅವರು ಎಲ್ಲರ ಬಾಯಲ್ಲೂ ‘ಹಡಗಿನವರು’.

ಆ ಪಟ್ಟಣದಲ್ಲಿ ಹಗ್ಗ ಹೊಸೆಯುವ ಒಬ್ಬ ಹೆಂಗಸಿದ್ದಳು. ಹಡಗಿನಿಂದ ಇಳಿದಾಗ ಅವಳು ಗಾಣದವನ ಮನೆಯಲ್ಲಿ ತಂಗಿದ್ದಳು. ಅಲ್ಲಿಂದ ಹೊರಡುವ ದಿನ ಅವರ ಬಾಗಿಲಿಗೆ ಕದ ನಿಲ್ಲಿಸಿ, ಕಣ್ತುಂಬಿಕೊಂಡು ಗಾಣದವನಿಗೂ ಅವನ ಹೆಂಡತಿಗೂ ಕೈಮುಗಿದಿದ್ದಳು. ಅವರ ಉಪಕಾರವನ್ನು ಅವಳು ಎಂದೂ ಮರೆತಿರಲಿಲ್ಲ. ಆದರೆ ಅವಳ ಬಳಿಕ ಬಹಳ ವರ್ಷ ಹಡಗೇ ಬರಲಿಲ್ಲ. ಮಳೆಯ ಎರಚಲು ಒಳಗೆ ಬರುತ್ತಿತ್ತು. ಬೀದಿಯ ಮೇಕೆಗಳು ನುಗ್ಗಿ ನಾರು ಎಳೆದಾಡುತ್ತಿದ್ದವು. ತನಗೂ ಒಂದು ಕದ ಬೇಕು, ತನ್ನನ್ನೂ ಈ ಊರಿನವಳು ಎನ್ನಬೇಕು ಎಂಬ ಆಸೆ ಅವಳಲ್ಲಿ ದಿನದಿನಕ್ಕೂ ಬಲಿಯಿತು. ಮಳೆಯ ಕಾಟ, ಮೇಕೆಯ ಕಾಟ ದೊಡ್ಡದಲ್ಲ. ‘ಹಡಗಿನವಳು’ ಎನ್ನಿಸಿಕೊಳ್ಳುವುದೇ ಅವಳಿಗೆ ದೊಡ್ಡ ನೋವಾಗಿತ್ತು.

ಕೊನೆಗೊಂದು ದಿನ ಮಂಜು ಬಿರಿಯಿತು. ಬಂದಿಳಿದವನು ಒಬ್ಬನೇ, ವಯಸ್ಸಾದ ಒಬ್ಬ ಕುಂಬಾರ. ಹಗ್ಗದವಳು ಓಡಿಹೋಗಿ ಅವನನ್ನು ಕರೆತಂದಳು. ಬಿಸಿಬಿಸಿ ಅನ್ನ ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟು, “ಇದು ಅನ್ನವೋ ಅಂಟೋ? ನಮ್ಮೂರಲ್ಲಿ ಎಮ್ಮೆಗೂ ಇಂಥದ್ದು ಹಾಕುವುದಿಲ್ಲ” ಎಂದ. ಹಗ್ಗಕ್ಕೆಂದು ಕೊಳೆಹಾಕಿದ ತೆಂಗಿನ ಸಿಪ್ಪೆಯ ವಾಸನೆಗೆ ಮೂಗು ಮುಚ್ಚಿಕೊಂಡ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಅವನನ್ನು ಹೊರಹಾಕಿದರೆ ಕದ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕದ ಹೋದರೆ ಹೋಗಲಿ ಎನ್ನುವಷ್ಟು ಅವಳ ಮನಸ್ಸು ಕೆಟ್ಟಿತು. ಅದನ್ನು ಹೇಳಿಕೊಳ್ಳಲು ಗಾಣದವನ ಮನೆಗೆ ಹೋದಳು.

“ಅಕ್ಕಾ, ಆ ಮುದುಕನನ್ನು ಇವತ್ತೇ ಕಳಿಸಿಬಿಡುತ್ತೇನೆ. ನಾನು ನಿಮ್ಮ ಮನೆಯಲ್ಲಿ ಇದ್ದಷ್ಟು ದಿನವೂ ಕೈಮುಗಿದುಕೊಂಡು ಉಂಡೆ. ಇವನು ಬೈದುಕೊಂಡು ಉಣ್ಣುತ್ತಾನೆ” ಎಂದಳು.

ಗಾಣದವನ ಹೆಂಡತಿ ನಕ್ಕಳು. “ನೀನು ಕೈಮುಗಿದದ್ದು ಹೊರಡುವ ದಿನ ಕಣೇ. ಬಂದ ಹೊಸದರಲ್ಲಿ ತಟ್ಟೆ ತಳ್ಳುತ್ತಿದ್ದೆ. ‘ಈ ಎಣ್ಣೆಯನ್ನು ನಮ್ಮೂರಲ್ಲಿ ಗಾಡಿಯ ಅಚ್ಚಿಗೆ ಹಾಕುತ್ತಾರೆ’ ಅಂದಿದ್ದೆ.”

“ಆ ವರ್ಷದ ಎಣ್ಣೆ ಹಾಗೇ ಇತ್ತು ಬಿಡು” ಎಂದ ಗಾಣದವನು, ಎತ್ತಿನ ಹಿಂದೆ ಸುತ್ತುತ್ತಲೇ.

ಹಗ್ಗದವಳಿಗೆ ಅದು ಯಾವುದೂ ನೆನಪಿರಲಿಲ್ಲ. ಆದರೆ ಮಾತು ತನ್ನದೇ ಎಂದು ಕೇಳಿದೊಡನೆ ಗೊತ್ತಾಯಿತು. ಅವಳ ಊರಿನವರು ಹಾಗೆಯೇ ಮಾತಾಡುತ್ತಿದ್ದರು. “ಹಾಗಾದರೆ ನನ್ನನ್ನೇಕೆ ಹೊರಹಾಕಲಿಲ್ಲ?” ಎಂದು ಕೇಳಿದಳು.

“ನೀನು ಬೈಯುತ್ತಿದ್ದದ್ದು ನಮ್ಮ ಎಣ್ಣೆಯನ್ನೇ ಆದರೂ ನೆನೆಯುತ್ತಿದ್ದದ್ದು ನಿಮ್ಮೂರನ್ನು. ಬಾಯಿ ಬಿಟ್ಟರೆ ನಮ್ಮೂರಲ್ಲಿ, ನಮ್ಮೂರಲ್ಲಿ ಅನ್ನುತ್ತಿದ್ದೆ. ಊರೇ ಇಲ್ಲದವಳು ಹಾಗೆ ಅನ್ನುವಾಗ ಕೇಳಿಸಿಕೊಳ್ಳಲು ಯಾರಾದರೂ ಬೇಡವೇ?” ಎಂದಳು ಗಾಣದವನ ಹೆಂಡತಿ.

ಹಗ್ಗದವಳು ಮನೆಗೆ ಬಂದಳು. ಕುಂಬಾರ ತಟ್ಟೆಯನ್ನು ದೂರ ತಳ್ಳಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಅವಳು ತಟ್ಟೆಯನ್ನು ಮತ್ತೆ ಅವನ ಮುಂದಿಟ್ಟು, “ಅಜ್ಜಾ, ನಿಮ್ಮೂರಲ್ಲಿ ಎಮ್ಮೆಗೆ ಏನು ಹಾಕುತ್ತಿದ್ದರು?” ಎಂದು ಕೇಳಿದಳು.

ಕುಂಬಾರ ಅವಳನ್ನೇ ನೋಡಿದ. ಆಮೇಲೆ ಹೇಳತೊಡಗಿದ. ಎಮ್ಮೆಯಿಂದ ಶುರುವಾದದ್ದು ಕೊಟ್ಟಿಗೆಗೆ ಬಂತು, ಕೊಟ್ಟಿಗೆಯಿಂದ ಕೆರೆಗೆ, ಕೆರೆಯಿಂದ ಅವನ ಹೆಂಡತಿಗೆ. ಹೇಳುತ್ತ ಹೇಳುತ್ತ ಅತ್ತ. ತಟ್ಟೆ ಯಾವಾಗ ಬರಿದಾಯಿತೆಂದು ಅವನಿಗೂ ತಿಳಿಯಲಿಲ್ಲ.

ಕುಂಬಾರನಿಗೆ ಊರವರು ಮನೆ ಕಟ್ಟಿಕೊಟ್ಟರು. ಹೊರಡುವ ದಿನ ಅವನು ಹಲಸಿನ ಮರದ ಕದ ತಂದು ನಿಲ್ಲಿಸಿ, “ನಿನ್ನ ಮನೆಯಲ್ಲಿ ಒಂದು ದಿನವೂ ನನಗೆ ಕೊರತೆಯಾಗಲಿಲ್ಲ ಮಗಳೇ” ಎಂದು ಕೈಮುಗಿದ. ಇವನೂ ಇದೊಂದು ದಿನವನ್ನೇ ನೆನಪಿಟ್ಟುಕೊಳ್ಳುತ್ತಾನೆ ಎಂದು ಹಗ್ಗದವಳಿಗೆ ತಿಳಿಯಿತು. ತಿಳಿದು ನಕ್ಕಳು. ಅವನು ಹೋದ ಮೇಲೆ ಗಾಣದವನ ಮನೆಯ ಕಡೆಗೆ ತಿರುಗಿ ಕೈಮುಗಿದಳು. ಅದು ಉಂಡ ಅನ್ನಕ್ಕಲ್ಲ, ತಾನು ತಳ್ಳಿದ ತಟ್ಟೆಯನ್ನು ಅವರು ಮತ್ತೆ ಮತ್ತೆ ಮುಂದಿಟ್ಟದ್ದಕ್ಕೆ.

ಗುರುಗಳು ಕತೆ ಮುಗಿಸಿದರು. ಮರುಳಪ್ಪ ತಲೆದೂಗಿದ. ಆದರೂ ಅವನಿಗೆ ಪೂರ್ತಿ ಸಮಾಧಾನವಾಗಲಿಲ್ಲ.

“ಕತೆ ಚೆನ್ನಾಗಿದೆ, ಗುರುಗಳೇ. ಆದರೆ ನಾನು ಇಲ್ಲಿಗೆ ಬಂದಾಗ ಹಾಗೆಲ್ಲ ನಡೆದುಕೊಂಡವನಲ್ಲ” ಎಂದ.

“ನೀನು ಬಂದ ವರ್ಷ, ನಿನ್ನನ್ನು ನೋಡಿಕೊಳ್ಳುತ್ತಿದ್ದ ಕಾಡಯ್ಯನಿಗೂ ಇದೇ ಕತೆ ಹೇಳಿದ್ದೆ” ಎಂದರು ಗುರುಗಳು.

ಮರುಳಪ್ಪ ಎದ್ದು ಹೊಸಬನಿಗೆ ನೀರು ಕಾಯಿಸಲು ಹೋದ.